ಜೆ. ಡಬ್ಲ್ಯು. 10 ಎಂಬ ಬರೆಯುವ ಮೇಜು: ಒಂದು ವಿಮರ್ಶೆ

ಜಪಾನು ದೇಶದ ತೋಷಿಬಾ ಸಂಸ್ಥೆಯವರು 1978ನೆಯ ಇಸವಿ ಸೆಪ್ಟೆಂಬರ್ ತಿಂಗಳಿನಲ್ಲಿ ಪ್ರಕಟಪಡಿಸಿ, 1979ರ ಫೆಬ್ರವರಿಯಲ್ಲಿ ಮಾರಾಟಕ್ಕೆ ತಂದ ಜೆ. ಡಬ್ಲ್ಯು. 10 ಎಂಬ ಯಂತ್ರವು ನೋಡುವುದಕ್ಕೆ ಒಂದು ಕಛೇರಿಯ ಮೇಜು. ಮೇಜಿನ ಮೇಲೆ ಕೀಲಿಮಣೆಯೂ ಪರದೆಯೂ ಇದ್ದುವು; ಗಣಕವೂ 10 ಮೆಗಾಬೈಟು ಹಿಡಿಯುವ ಡಿಸ್ಕೂ ಅದರ ಒಡಲಿನಲ್ಲಿ ಅಡಗಿದ್ದುವು. ಬರೆದ ಕಾಗದಪತ್ರಗಳನ್ನು 8 ಅಂಗುಲದ ಫ್ಲಾಪಿ ತಟ್ಟೆಗಳಲ್ಲಿ ಉಳಿಸಿಕೊಳ್ಳಬಹುದಾಗಿತ್ತು. ಇಡೀ ಯಂತ್ರದ ತೂಕ 220 ಕಿಲೋಗ್ರಾಂ. ಬೆಲೆ 63 ಲಕ್ಷ ಯೆನ್. ಜಪಾನೀ ಭಾಷೆಯನ್ನು ಅದರ ರೂಢಿಯ ಲಿಪಿಯಲ್ಲಿಯೇ ಬರೆದು, ತಿದ್ದಿ, ಅಚ್ಚುಮಾಡಿಕೊಡುವ ವರ್ಡ್ ಪ್ರೊಸೆಸರ್ ಯಂತ್ರಗಳಲ್ಲಿ ಇದೇ ಮೊದಲನೆಯದೆಂದು ಪ್ರಸಿದ್ಧವಾಗಿದೆ. ಗಣಕದ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಅಮೆರಿಕೆಯನ್ನೇ ನಡುವಿಟ್ಟುಕೊಂಡು ಬರೆಯುವುದರಿಂದ, ಆ ದೇಶದ ಹೊರಗೆ ನಡೆದ ಇಂಥ ಪ್ರಯತ್ನಗಳು ನಮ್ಮಲ್ಲಿ ಅಷ್ಟಾಗಿ ಪರಿಚಿತವಾಗಿಲ್ಲ.

ಈ ಯಂತ್ರವನ್ನು ಕುರಿತು ಎರಡು ಬಗೆಯ ಅಭಿಪ್ರಾಯಗಳು ಪ್ರಚಾರದಲ್ಲಿವೆ. ಸಾವಿರಾರು ಅಕ್ಷರಗಳುಳ್ಳ ಲಿಪಿಯನ್ನು ಯಂತ್ರವು ಇಲ್ಲಿ ಗೆದ್ದಿತೆಂಬುದು ಒಂದು. ಗೆಲ್ಲಲಿಲ್ಲ, ಗೆಲ್ಲಲಾರದು, ಅಂಥ ಲಿಪಿಯೇ ಗಣಕಯುಗಕ್ಕೆ ಒಂದು ಹೊರೆಯೆಂಬುದು ಇನ್ನೊಂದು. ಮೇಲುನೋಟಕ್ಕೆ ಇವು ಪರಸ್ಪರ ವಿರುದ್ಧವಾದುವು. ಆದರೆ ಎರಡೂ ಪಕ್ಷದವರು ಲಿಪಿಯನ್ನು ನೋಡಿದರು, ಯಂತ್ರದೊಳಗಿನ ಯುಕ್ತಿಯನ್ನು ನೋಡಿದರು; ಮೇಜನ್ನು ಮಾತ್ರ ನೋಡಲಿಲ್ಲ. ಆ ಮೇಜಿನ ಮುಂದೆ ಕುಳಿತವರು ಯಾರು, ಅವರು ಬರೆದದ್ದು ತಮ್ಮ ಮಾತನ್ನೋ ಪರರ ಮಾತನ್ನೋ ಎಂಬ ಪ್ರಶ್ನೆಯನ್ನು ಕೇಳದಿದ್ದರೆ ಈ ಯಂತ್ರದ ಚರಿತ್ರೆ ಅರ್ಧವಾಗಿಯೇ ಉಳಿಯುತ್ತದೆಂದು ನಮಗೆ ತೋರುತ್ತದೆ.

ಮೊದಲು ಲಿಪಿಯ ವಿಷಯ. ಜಪಾನೀಯರು ಚೀನಾದಿಂದ ತಂದ ಕಾಂಜಿ ಎಂಬ ಭಾವಲಿಪಿಯನ್ನೂ ತಮ್ಮಲ್ಲಿಯೇ ರೂಪುಗೊಂಡ ಕಾನಾ ಎಂಬ ಧ್ವನಿಲಿಪಿಯನ್ನೂ ಒಂದೇ ವಾಕ್ಯದಲ್ಲಿ ಕೂಡಿಸಿ ಬರೆಯುತ್ತಾರೆ. ಕಾನಾ ಅಕ್ಷರಗಳು ಐವತ್ತರ ಆಸುಪಾಸಿನಲ್ಲಿವೆ. ಅವನ್ನು ಯಾವ ಕೀಲಿಮಣೆಯಲ್ಲಾದರೂ ಹೊಂದಿಸಬಹುದು. ಕಾಂಜಿಯ ಸ್ಥಿತಿ ಬೇರೆ. ದಿನಬಳಕೆಗೆಂದು ಸರಕಾರವು 1946ರಲ್ಲಿ ಗೊತ್ತುಪಡಿಸಿದ ಪಟ್ಟಿಯಲ್ಲಿಯೇ 1,850 ಅಕ್ಷರಗಳಿದ್ದುವು. ಗಣಕಗಳಿಗಾಗಿ 1978ರ ಜನವರಿಯಲ್ಲಿ ಹೊರಟ ಜಪಾನೀ ಮಾನಕ ಸಂಕೇತಪಟ್ಟಿಯಲ್ಲಿ ಒಟ್ಟು 6,802 ಚಿಹ್ನೆಗಳಿದ್ದು, ಅವುಗಳಲ್ಲಿ 6,349 ಕಾಂಜಿಗಳೇ ಆಗಿದ್ದುವು.

ಹಾಗಾದರೆ ಎಲ್ಲವನ್ನೂ ಕಾನಾದಲ್ಲಿಯೇ ಬರೆದರಾಗದೆ ಎಂದು ಕೇಳಬಹುದು. ಈ ಮಾತನ್ನು ಜಪಾನೀಯರೇ ಕೇಳಿಕೊಂಡಿದ್ದಾರೆ. ಕಾನಾ ಲಿಪಿಯೊಂದನ್ನೇ ಬಳಸಬೇಕೆಂದು ವಾದಿಸುವ ಸಂಘವು 1920ರಲ್ಲಿಯೇ ಹುಟ್ಟಿತು. ಮಾನವಶಾಸ್ತ್ರಜ್ಞರಾದ ತದಾವೋ ಉಮೆಸಾವೋ ಅವರು 1969ರಲ್ಲಿ ಪ್ರಕಟವಾಗಿ ಬಹಳ ಜನಪ್ರಿಯವಾದ ತಮ್ಮ ಪುಸ್ತಕವೊಂದರಲ್ಲಿ ಕಾನಾ ಬೆರಳಚ್ಚು ಯಂತ್ರದ ಪರವಾಗಿ ಬರೆದರು. ತಂತಿ ಸಮಾಚಾರಗಳು ಬಹುಕಾಲ ಕಾನಾದಲ್ಲಿಯೇ ಹೋಗುತ್ತಿದ್ದುವು; ಹಳೆಯ ಗಣಕಗಳು ಅಚ್ಚುಮಾಡಿದ ರಶೀದಿಗಳಲ್ಲಿ ಗಿರಾಕಿಯ ಹೆಸರು ಕಾನಾದಲ್ಲಿಯೇ ಇರುತ್ತಿತ್ತು. ಆದರೆ ಅದನ್ನು ಓದುವುದು ಕಷ್ಟ. ಜಪಾನೀ ಭಾಷೆಯಲ್ಲಿ ಚೀನೀ ಮೂಲದ ಶಬ್ದಗಳು ಹೇರಳವಾಗಿದ್ದು, ಅವುಗಳಲ್ಲಿ ಎಷ್ಟೋ ಶಬ್ದಗಳು ಒಂದೇ ಧ್ವನಿಯುಳ್ಳವು. ‘ಕಿಶಾ’ ಎಂಬ ಶಬ್ದವನ್ನೇ ತೆಗೆದುಕೊಳ್ಳಬಹುದು. ತಮ್ಮ ಸಂಸ್ಥೆ, ಪತ್ರಿಕಾ ವರದಿಗಾರ, ಉಗಿಬಂಡಿ, ಕಛೇರಿಗೆ ಮರಳುವುದು, ಈ ನಾಲ್ಕೂ ‘ಕಿಶಾ’ವೇ. ತಮ್ಮ ಸಂಸ್ಥೆಯ ವರದಿಗಾರನು ಉಗಿಬಂಡಿಯಲ್ಲಿ ಕಛೇರಿಗೆ ಮರಳಿದನು ಎಂಬ ವಾಕ್ಯವು ಇಂಥ ಯಂತ್ರಗಳನ್ನು ಪರೀಕ್ಷಿಸುವುದಕ್ಕೆ ಬಳಕೆಯಾಗಿ ಜಪಾನಿನಲ್ಲಿ ಗಾದೆಯಷ್ಟೇ ಪ್ರಸಿದ್ಧವಾಗಿದೆ. ಕಾನಾದಲ್ಲಿ ಬರೆದರೆ ಅದು ಒಂದೇ ಧ್ವನಿಯ ನಾಲ್ಕು ಆವರ್ತನೆಯಂತೆ ಕಾಣುತ್ತದೆ, ಕಾಂಜಿಯಲ್ಲಿ ಬರೆದರೆ ನಾಲ್ಕು ಶಬ್ದಗಳೂ ಬೇರೆ ಬೇರೆ ಆಕೃತಿ ತಾಳುತ್ತವೆ.

ಕನ್ನಡ ಓದುಗರಿಗೆ ಇದರ ತೊಡಕು ಒಂದು ಉದಾಹರಣೆಯಿಂದ ಸ್ಪಷ್ಟವಾದೀತು. ‘ಹರಿ’ ಎಂದರೆ ವಿಷ್ಣು, ಸಿಂಹ, ಕಪಿ. ನೀರು ಹರಿ ಎಂಬ ಕ್ರಿಯೆಯೂ ಬಟ್ಟೆ ಹರಿ ಎಂಬ ಕ್ರಿಯೆಯೂ ಅದೇ. ನಾವು ಎಲ್ಲವನ್ನೂ ಎರಡೇ ಅಕ್ಷರಗಳಲ್ಲಿ ಬರೆದು, ಅರ್ಥವನ್ನು ಸಂದರ್ಭಕ್ಕೆ ಬಿಡುತ್ತೇವೆ. ಈ ಐದು ಅರ್ಥಗಳಿಗೆ ಐದು ಬೇರೆ ಬೇರೆ ಬರಹಗಳಿದ್ದು, ಬರೆಯುವ ಯಂತ್ರವು ಮಾತ್ರ ‘ಹ’ ‘ರಿ’ ಎಂಬ ಧ್ವನಿಗಳನ್ನಷ್ಟೇ ಅರಿಯಬಲ್ಲುದಾಗಿದ್ದರೆ ಏನಾಗುತ್ತಿತ್ತು? ಪ್ರತಿಸಲವೂ ಅದು ಬರೆಯುವವನನ್ನು, ಇವುಗಳಲ್ಲಿ ಯಾವುದು ಎಂದು ಕೇಳಬೇಕಾಗುತ್ತಿತ್ತು. ಜಪಾನೀ ಯಂತ್ರದ ಕಥೆಯೆಲ್ಲವೂ ಈ ಕೇಳುವಿಕೆಯ ಸುತ್ತ ಬೆಳೆದಿದೆ.

ಯಂತ್ರಕ್ಕೆ ಮುಂಚೆ ಕಛೇರಿಗಳಲ್ಲಿ ಕಾಂಜಿಯ ಕಾಗದಪತ್ರಗಳು ಸಿದ್ಧವಾಗುತ್ತಿದ್ದ ಬಗೆಯನ್ನೂ ಇಲ್ಲಿ ಗಮನಿಸಬೇಕು. ಕ್ಯೋತಾ ಸುಗಿಮೋತೋ ಎಂಬವರು 1915ರಲ್ಲಿ ಜಪಾನೀ ಬೆರಳಚ್ಚು ಯಂತ್ರವೊಂದನ್ನು ನಿರ್ಮಿಸಿ ಹಕ್ಕುಪತ್ರ ಪಡೆದರು. ಹೆಸರು ಬೆರಳಚ್ಚು ಯಂತ್ರವೆಂದಾದರೂ ಅದರಲ್ಲಿ ಅಕ್ಷರಕ್ಕೊಂದರಂತೆ ಕೀಲಿಗಳಿರಲಿಲ್ಲ. ಸುಮಾರು 2,400 ಸೀಸದ ಅಚ್ಚುಮೊಳೆಗಳನ್ನು ಒಂದು ಹರಿವಾಣದಲ್ಲಿ ಜೋಡಿಸಿಟ್ಟು, ಬೇಕಾದ ಮೊಳೆಯ ಮೇಲೆ ಸನ್ನೆಯನ್ನು ತಂದು ಎತ್ತಿ, ಕಾಗದಕ್ಕೆ ಹೊಡೆದು, ಮತ್ತೆ ಅದರ ಮನೆಯಲ್ಲಿಯೇ ಇಳಿಸಬೇಕು. ಮೊಳೆಗಳು ಕನ್ನಡಿಯ ಬಿಂಬದಂತೆ ಹಿಂದುಮುಂದಾಗಿರುತ್ತಿದ್ದುವು. ಈ ಹರಿವಾಣದ ನಕ್ಷೆಯನ್ನು ಕಂಠಪಾಠ ಮಾಡಿಕೊಂಡವರು, ಬಹುಮಟ್ಟಿಗೆ ಹೆಂಗಸರು, ತರಬೇತಿ ಪಡೆದ ಕಸುಬುದಾರರಾಗಿದ್ದರು. ಅಧಿಕಾರಿಯು ಕೈಯಲ್ಲಿ ಬರೆದು ಕೊಡುವನು. ಬೆರಳಚ್ಚುಗಾರ್ತಿಯು ನೋಡಿ ಶುದ್ಧಪ್ರತಿ ತೆಗೆಯುವಳು. ಆಂಗ್ಲ ಬೆರಳಚ್ಚು ಯಂತ್ರದ ಮುಂದೆ ಲೇಖಕನೇ ಕುಳಿತು ಬರೆಯುವುದು ಪಶ್ಚಿಮದಲ್ಲಿ ಸಾಮಾನ್ಯವಾಗಿದ್ದ ಕಾಲದಲ್ಲಿ, ಜಪಾನಿನಲ್ಲಿ ಬರೆಯುವವನು ಬೇರೆ, ಅಚ್ಚಿಸುವವಳು ಬೇರೆಯಾಗಿಯೇ ಉಳಿದರು. ಈ ವಿಭಾಗವನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ವಿಚಾರಕ್ಕೆ ಹೋಗೋಣ.

ಮೇಲೆ ಹೇಳಿದ ಎರಡು ಅಭಿಪ್ರಾಯಗಳಲ್ಲಿ ವಿಜಯಗಾಥೆಯನ್ನು ಮೊದಲು ಪರಿಶೀಲಿಸುತ್ತೇವೆ. ತೋಷಿಬಾ ಸಂಸ್ಥೆಯ ಕೆನಿಚಿ ಮೋರಿ ಅವರು 1971ರ ಸುಮಾರಿಗೆ ಈ ಕಾರ್ಯವನ್ನು ಕೈಗೊಂಡರು. ಭಾಷೆಯನ್ನು ಯಂತ್ರದಿಂದ ವಿಶ್ಲೇಷಿಸುವ ವಿದ್ಯೆಯನ್ನು ಕಲಿತು ಬರುವುದಕ್ಕಾಗಿ ತ್ಸುತೋಮು ಕವಾದಾ ಅವರನ್ನು ಕ್ಯೋತೋ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಲಾಯಿತು. ಅನಂತರ ಶಿನ್ಯಾ ಅಮಾನೋ ಅವರೂ ಸೇರಿಕೊಂಡರು. ಏಳು ವರ್ಷಗಳ ಶ್ರಮದ ಫಲವಾಗಿ ಜೆ. ಡಬ್ಲ್ಯು. 10 ಸಿದ್ಧವಾಯಿತು. ಐ. ಇ. ಇ. ಇ. ಎಂಬ ಅಂತರರಾಷ್ಟ್ರೀಯ ವಿದ್ಯುತ್ ತಂತ್ರಜ್ಞರ ಸಂಘವು 2008ರಲ್ಲಿ, 1971ರಿಂದ 1978ರ ವರೆಗಿನ ಈ ಕೆಲಸವನ್ನು ತನ್ನ ಮೈಲುಗಲ್ಲುಗಳ ಸಾಲಿಗೆ ಸೇರಿಸಿತು. ಜಪಾನಿನ ಎನ್. ಎಚ್. ಕೆ. ದೂರದರ್ಶನವು 2000ದಿಂದ 2005ರ ವರೆಗೆ ನಡೆಸಿದ ‘ಪ್ರಾಜೆಕ್ಟ್ ಎಕ್ಸ್’ ಎಂಬ ಮಾಲಿಕೆಯಲ್ಲಿಯೂ ಈ ಕಥೆ ಬಂದಿತು.

ಇವರ ಶ್ರಮವನ್ನು ನಾವು ಕಿಂಚಿತ್ತೂ ಕಡಮೆಮಾಡಿ ಕಾಣುವುದಿಲ್ಲ. ಆದರೆ ಇಂಥ ಕಥನಗಳನ್ನು ವೀರಗಲ್ಲಿನ ಶಾಸನಗಳನ್ನು ಓದುವ ಎಚ್ಚರದಿಂದಲೇ ಓದಬೇಕಾಗುತ್ತದೆ. ವೀರಗಲ್ಲನ್ನು ಓದುವವನು ಸತ್ತವನ ಶೌರ್ಯವನ್ನು ಸಂದೇಹಿಸುವುದಿಲ್ಲ. ದನಗಳು ಯಾರವು, ಊರಿನ ಗಡಿ ಎಲ್ಲಿತ್ತು, ಕಲ್ಲನ್ನು ನೆಡಿಸಿದವರಾರು ಎಂದು ಮಾತ್ರ ಕೇಳುತ್ತಾನೆ. ಹಾಗೆ ಕೇಳಿದರೆ ‘ಮೊದಲನೆಯದು’ ಎಂಬ ಮಾತು ಸ್ವಲ್ಪ ಅಲುಗಾಡುತ್ತದೆ. ಕಾನಾದಲ್ಲಿ ಕೊಟ್ಟ ಪಾಠವನ್ನು ಗಣಕದ ಮೂಲಕ ಕಾಂಜಿ ಬೆರೆತ ಪಾಠವಾಗಿ ಪರಿವರ್ತಿಸುವ ಸಂಶೋಧನೆಯನ್ನು ಕ್ಯೂಶೂ ವಿಶ್ವವಿದ್ಯಾನಿಲಯದ ತೋಶಿಹಿಕೋ ಕುರಿಹಾರಾ ಅವರು 1967ರಲ್ಲಿಯೇ ಪ್ರಕಟಿಸಿದ್ದರು. ಎನ್. ಎಚ್. ಕೆ. ಸಂಸ್ಥೆಯ ಪ್ರಯೋಗಶಾಲೆಯಿಂದ ಅದೇ ವಿಷಯವಾಗಿ 1973ರಲ್ಲಿ ಮತ್ತೊಂದು ಪ್ರಬಂಧ ಹೊರಬಿದ್ದಿತು. ಶಾರ್ಪ್ ಸಂಸ್ಥೆಯವರು 1977ರಲ್ಲಿಯೇ ಜಪಾನೀ ವರ್ಡ್ ಪ್ರೊಸೆಸರಿನ ಒಂದು ಮಾದರಿಯನ್ನು ಪ್ರದರ್ಶನಕ್ಕಿಟ್ಟಿದ್ದರು. ಇನ್ನು ಸರ್ವಸಮ್ಮತವಾದ ಸಂಕೇತಪಟ್ಟಿಯು 1978ರ ಜನವರಿಯಲ್ಲಿ ಹೊರಟು, ಯಂತ್ರವು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಂದುದು ಕೇವಲ ಕಾಕತಾಳೀಯವೆಂದು ಹೇಳುವಂತಿಲ್ಲ. ಅಕ್ಷರಗಳಿಗೆಲ್ಲ ಸಂಖ್ಯೆಗಳನ್ನು ಹಂಚುವ ಆ ನೀರಸವಾದ ಕೆಲಸವು ದೇಶದಲ್ಲಿ ಆಗಲೇ ನಡೆಯುತ್ತಿತ್ತು. ಮಾರಾಟಕ್ಕೆ ಬಂದ ಸರಕುಗಳಲ್ಲಿ ಜೆ. ಡಬ್ಲ್ಯು. 10 ಮೊದಲನೆಯದು ಎಂದರೆ ಸಾಕು. ಅದಕ್ಕಿಂತ ಹೆಚ್ಚಿನದನ್ನು ಹೇಳುವುದು ಸಮಂಜಸವಲ್ಲ.

ಸಂಸ್ಥೆಯ ಒಳಗೂ ‘ಯಾರದು’ ಎಂಬ ಪ್ರಶ್ನೆ ಶಾಂತವಾಗಿರಲಿಲ್ಲ. ತಮ್ಮ ಆವಿಷ್ಕಾರಗಳಿಗೆ ತಕ್ಕ ಪ್ರತಿಫಲ ದೊರೆಯಲಿಲ್ಲವೆಂದು ಅಮಾನೋ ಅವರು ಸಂಸ್ಥೆಯ ಮೇಲೆ ದಾವೆ ಹೂಡಿದರು. 2011ರಲ್ಲಿ ಟೋಕಿಯೋ ಜಿಲ್ಲಾ ನ್ಯಾಯಾಲಯವು ಅವರಿಗೆ ಸುಮಾರು 64 ಲಕ್ಷ ಯೆನ್ ಕೊಡತಕ್ಕದ್ದೆಂದು ತೀರ್ಪಿತ್ತಿತು. ಆ ಮೊತ್ತವು 1979ರ ಒಂದು ಯಂತ್ರದ ಬೆಲೆಗೆ ಹೆಚ್ಚುಕಡಮೆ ಸಮನಾಗಿರುವುದು ವಿಚಿತ್ರವಾದ ಯೋಗಾಯೋಗ.

ಗೆದ್ದಿತು ಎಂಬ ಶಬ್ದವನ್ನೂ ಪರೀಕ್ಷಿಸಬೇಕು. ಯಂತ್ರವು ಮಾಡುತ್ತಿದ್ದುದೇನು? ಜಪಾನೀ ಬರಹದಲ್ಲಿ ಪದಗಳ ನಡುವೆ ತೆರಪು ಬಿಡುವ ಪದ್ಧತಿಯಿಲ್ಲ. ಆದುದರಿಂದ ಬರೆಯುವವನು ಕಾನಾ ಕೀಲಿಗಳನ್ನು ಒತ್ತುತ್ತ, ನಮ್ಮ ವೈಯಾಕರಣರ ಮಾತಿನಲ್ಲಿ ಹೇಳುವುದಾದರೆ ಪ್ರಕೃತಿಯೂ ಅದಕ್ಕೆ ಹತ್ತಿದ ಪ್ರತ್ಯಯಗಳೂ ಸೇರಿದ ಒಂದೊಂದು ಘಟಕವು ಮುಗಿದೊಡನೆ ಅದನ್ನು ಗುರುತು ಮಾಡಿ ತಿಳಿಸಬೇಕಾಗಿತ್ತು. ಯಂತ್ರವು ಆ ಘಟಕದಿಂದ ಪ್ರತ್ಯಯವನ್ನು ಬಿಡಿಸಿ, ಉಳಿದ ಪ್ರಕೃತಿಯನ್ನು ತನ್ನ ನಿಘಂಟಿನಲ್ಲಿ ಹುಡುಕುವುದು. ಅರವತ್ತು ಸಾವಿರಕ್ಕೂ ಮೇಲ್ಪಟ್ಟ ಶಬ್ದಗಳ ನಿಘಂಟು ಮೇಜಿನೊಳಗಿನ ಡಿಸ್ಕಿನಲ್ಲಿತ್ತು. ಆ ಧ್ವನಿಗೆ ಒಂದೇ ಬರಹವಿದ್ದರೆ ಅದು ಪರದೆಯ ಮೇಲೆ ಮೂಡುವುದು. ಹಲವಿದ್ದರೆ ಬರೆಯುವವನು ಆರಿಸಿಕೊಳ್ಳಬೇಕು. ಆರಿಸಿದ್ದನ್ನು ಯಂತ್ರವು ನೆನಪಿಟ್ಟುಕೊಂಡು, ಮುಂದಿನ ಸಲ ಅದನ್ನೇ ಮುಂದೆ ತರುವುದು. ಭಾಷೆ ತಿಳಿಯದ ಯಂತ್ರವೊಂದು ತನಗೆ ತಿಳಿಯದೆಂಬುದನ್ನು ಒಪ್ಪಿಕೊಂಡು ತಿಳಿದವನನ್ನು ಕೇಳುವ ಏರ್ಪಾಡು ಇದು. ಇದರಲ್ಲಿ ಗೆಲವೆಂಬುದಿಲ್ಲ, ಒಂದು ಒಪ್ಪಂದವಿದೆ. ನಮ್ಮ ದೃಷ್ಟಿಯಲ್ಲಿ ಇದರ ಹಿರಿಮೆಯಿರುವುದೂ ಅಲ್ಲಿಯೇ.

ಎರಡನೆಯ ಅಭಿಪ್ರಾಯದ ಪ್ರಬಲ ಪ್ರತಿಪಾದಕರು ಅಮೆರಿಕದ ವಿದ್ವಾಂಸರಾದ ಜೆ. ಮಾರ್ಷಲ್ ಉಂಗರ್ ಅವರು. ಅವರ ‘ದಿ ಫಿಫ್ತ್ ಜನರೇಷನ್ ಫ್ಯಾಲಸಿ’ ಎಂಬ ಗ್ರಂಥವು 1987ರಲ್ಲಿ ಹೊರಬಂದಿತು. ಜಪಾನು ಸರಕಾರವು 1982ರಲ್ಲಿ ಆರಂಭಿಸಿದ ಐದನೆಯ ತಲೆಮಾರಿನ ಗಣಕದ ಯೋಜನೆಯ ಹಿಂದೆ ಲಿಪಿಯ ತೊಡಕಿತ್ತೆಂದೂ, ಧ್ವನಿಯಿಂದ ಕಾಂಜಿಗೆ ಹೋಗುವ ದಾರಿಯಲ್ಲಿ ಸಮಧ್ವನಿಗಳ ಗೊಂದಲವು ಪೂರ್ಣವಾಗಿ ನೀಗಬೇಕಾದರೆ ಯಂತ್ರವು ಅರ್ಥವನ್ನೇ ಗ್ರಹಿಸಬೇಕಾಗುತ್ತದೆಂದೂ, ಅದು ದೂರದ ಆಸೆಯಾದ್ದರಿಂದ ಗಣಕದ ಕೆಲಸಗಳಿಗೆ ರೋಮನ್ ಲಿಪಿಯನ್ನು ಬಳಸುವುದೇ ಲೇಸೆಂದೂ ಅವರು ವಾದಿಸಿದರು. ಜಪಾನನ್ನು ಬೆರಗಿನಿಂದ ಹೊಗಳುವುದೇ ರೂಢಿಯಾಗಿದ್ದ ಕಾಲದಲ್ಲಿ ಬಂದ ಈ ಗ್ರಂಥದ ಧೈರ್ಯವನ್ನು ಮೆಚ್ಚಬೇಕು. ಅವರ ವಾದದ ಮಧ್ಯಭಾಗವು ಇಂದಿಗೂ ನಿಂತಿದೆ. ಕೈಯಲ್ಲಿ ಹಿಡಿಯುವ ದೂರವಾಣಿಯಲ್ಲಿ ಜಪಾನೀಯನೊಬ್ಬನು ಇಂದು ಬರೆಯುವಾಗಲೂ ಪರದೆಯ ಅಂಚಿನಲ್ಲಿ ಪರ್ಯಾಯ ಶಬ್ದಗಳ ಸಾಲು ಕಾಣಿಸಿಕೊಳ್ಳುತ್ತದೆ, ಅವನು ಆರಿಸುತ್ತಾನೆ. ಯಂತ್ರವು ಕೇಳುವುದನ್ನು ಬಿಟ್ಟಿಲ್ಲ.

ಆದರೆ ಈ ಆರಿಸುವಿಕೆಯನ್ನು ಉಂಗರ್ ಅವರು ಬರಿಯ ನಷ್ಟವೆಂದು ಲೆಕ್ಕಹಾಕುತ್ತಾರೆ. ನಮ್ಮ ಆಕ್ಷೇಪಣೆಯಿರುವುದು ಇಲ್ಲಿ. ಅವರ ಅಳತೆಗೋಲು ರೋಮನ್ ಅಕ್ಷರಗಳಲ್ಲಿ ತಡೆಯಿಲ್ಲದೆ ಬೆರಳಾಡಿಸುವ ಬೆರಳಚ್ಚುಗಾರ. ಆ ಅಳತೆಯಲ್ಲಿ ಜೆ. ಡಬ್ಲ್ಯು. 10 ಸೋಲುವುದು ಸಹಜ. ಆದರೆ ಜಪಾನಿನ ಕಛೇರಿಯಲ್ಲಿ ಅಂಥ ಬೆರಳಚ್ಚುಗಾರನು ಎಂದೂ ಇರಲಿಲ್ಲ. ಅಲ್ಲಿದ್ದುದು ಲೇಖನಿ ಹಿಡಿದ ಅಧಿಕಾರಿ, ಮತ್ತು 2,400 ಮೊಳೆಗಳ ಹರಿವಾಣದ ಮುಂದೆ ಕುಳಿತ ನಕಲುಗಾರ್ತಿ. ಹೊಸ ಯಂತ್ರವನ್ನು ಹೋಲಿಸಬೇಕಾದುದು ಇವರಿಬ್ಬರೊಡನೆ. ಹಾಗೆ ಹೋಲಿಸಿದ ಕೂಡಲೆ, ಒಂದು ಪದ್ಧತಿ ವೇಗವೇ ನಿಧಾನವೇ ಎಂಬುದಕ್ಕಿಂತ ಅದು ಯಾರಿಗೆ ಅನುಕೂಲವೆಂಬ ಪ್ರಶ್ನೆ ಮುಂದೆ ಬರುತ್ತದೆ.

ಧ್ವನಿಯನ್ನು ಕೊಟ್ಟು ಬರಹವನ್ನು ಪಡೆಯುವ ಪದ್ಧತಿಯು ಯಾರಿಗೆ ಸುಲಭ? ತಾನು ಬರೆಯುತ್ತಿರುವ ಮಾತಿನ ಧ್ವನಿ ಯಾರ ಕಿವಿಯಲ್ಲಿದೆಯೋ ಅವನಿಗೆ, ಎಂದರೆ ಲೇಖಕನಿಗೆ. ‘ಕಿಶಾ’ ಎಂದು ಒತ್ತುವಾಗ ತನಗೆ ಬೇಕಾದುದು ವರದಿಗಾರನೋ ಉಗಿಬಂಡಿಯೋ ಎಂಬುದರಲ್ಲಿ ಅವನಿಗೆ ಸಂದೇಹವಿರುವುದಿಲ್ಲ. ಪರರ ಹಸ್ತಪ್ರತಿಯನ್ನು ಮುಂದಿಟ್ಟುಕೊಂಡು ನಕಲು ಮಾಡುವವರಿಗೆ ಇದೇ ಪದ್ಧತಿ ಕಷ್ಟ. ಅವರ ಕಣ್ಣಿಗೆ ಕಾಣುವುದು ಆಕೃತಿ. ಅದರ ಧ್ವನಿಯನ್ನು ಅವರು ಮೊದಲು ಊಹಿಸಿ, ಅನಂತರ ಆ ಧ್ವನಿಯಿಂದ ಮತ್ತೆ ಅದೇ ಆಕೃತಿಗೆ ಬರಬೇಕು. ಹೆಸರುಗಳಲ್ಲಂತೂ ಈ ಸುತ್ತುದಾರಿ ದಾರಿಯೇ ಇಲ್ಲದಂತಾಗುತ್ತದೆ. ಪೂರ್ವ, ಸಮುದ್ರ, ವನ ಎಂಬ ಅರ್ಥದ ಮೂರು ಕಾಂಜಿಗಳಿಂದಾದ ಒಂದು ಮನೆತನದ ಹೆಸರನ್ನು ಕೆಲವರು ತೋಕೈರಿನ್ ಎಂದೂ ಮತ್ತೆ ಕೆಲವರು ಶೋಜಿ ಎಂದೂ ಓದುತ್ತಾರೆ. ನಕಲುಗಾರ್ತಿಗೆ ಯಾವುದೆಂದು ತಿಳಿಯಬೇಕು? ಹಳೆಯ ಹರಿವಾಣದಲ್ಲಿ ಈ ತೊಂದರೆಯಿರಲಿಲ್ಲ. ಮೂರು ಆಕೃತಿಗಳನ್ನು ನೋಡಿ ಮೂರು ಮೊಳೆಗಳನ್ನು ಎತ್ತಿದರಾಯಿತು. ಶಾರ್ಪ್ ಸಂಸ್ಥೆಯವರು 1979ರಲ್ಲಿ ಮಾರಾಟಕ್ಕೆ ತಂದ ಯಂತ್ರದಲ್ಲಿ, ಅಕ್ಷರಗಳನ್ನೆಲ್ಲ ಒಂದು ಫಲಕದ ಮೇಲೆ ಹರಡಿ, ಬೇಕಾದುದನ್ನು ಲೇಖನಿಯಂಥ ಕಡ್ಡಿಯಿಂದ ಮುಟ್ಟುವ ಪದ್ಧತಿಯಿತ್ತು. ಅದನ್ನು ಹಳೆಯ ಕಾಲದ ಉಳಿಕೆಯೆಂದು ಕೆಲವರು ಹೀಗಳೆಯುವುದುಂಟು. ನಕಲು ಮಾಡುವವರ ಕಣ್ಣಿನಿಂದ ನೋಡಿದರೆ ಅದೇ ಸರಿಯಾದ ಯಂತ್ರವಾಗಿತ್ತು.

ಈಗ ಮೇಜಿನ ಮಾತಿಗೆ ಬರೋಣ. ಗಣಕವನ್ನೂ ಡಿಸ್ಕನ್ನೂ ಬೇರೊಂದು ಬೀರುವಿನಲ್ಲಿಟ್ಟು ತಂತಿಯೆಳೆಯುವುದು ಅಸಾಧ್ಯವೇನಾಗಿರಲಿಲ್ಲ. ಎಲ್ಲವನ್ನೂ ಮೇಜಿನ ರೂಪದಲ್ಲಿ ಹೊಂದಿಸಿದುದರಲ್ಲಿ ಒಂದು ಭಾವನೆ ವ್ಯಕ್ತವಾಗುತ್ತದೆ. ಇದು ಗಣಕದ ಕೊಠಡಿಯ ವಸ್ತುವಲ್ಲ, ಕಛೇರಿಯ ನಡುವೆ ಇರತಕ್ಕದ್ದು, ಒಬ್ಬನು ಕುರ್ಚಿಯೆಳೆದುಕೊಂಡು ಕೂಡತಕ್ಕದ್ದು ಎಂಬುದೇ ಆ ಭಾವನೆ. ಮೋರಿ ಅವರ ಉದ್ದೇಶಗಳು ಮೂರಾಗಿದ್ದುವೆಂದು ಹೇಳುತ್ತಾರೆ: ಕೈಬರಹದಿಂದ ಶುದ್ಧಪ್ರತಿ ತೆಗೆಯುವುದಕ್ಕಿಂತ ಬೇಗನೆ ಬರೆಯಬೇಕು, ಯಂತ್ರವನ್ನು ಹೊತ್ತುಕೊಂಡು ಹೋಗುವಂತಿರಬೇಕು, ಎಲ್ಲಿಂದಾದರೂ ದೂರವಾಣಿಯ ತಂತಿಯ ಮೂಲಕ ಕಡತಗಳನ್ನು ತೆಗೆದು ನೋಡುವಂತಿರಬೇಕು. ಮೂರೂ ಲೇಖಕನ ಆಸೆಗಳೇ. 220 ಕಿಲೋಗ್ರಾಂ ತೂಗುವ ಮೇಜು ಎರಡನೆಯದನ್ನು ಈಡೇರಿಸಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಜಪಾನೀ ಕಛೇರಿಯಲ್ಲಿ ಒಂದು ವಿಭಾಗದವರ ಮೇಜುಗಳನ್ನೆಲ್ಲ ಎದುರುಬದುರಾಗಿ ಒತ್ತಿ ಜೋಡಿಸಿ, ತಲೆಯ ಕಡೆ ಮುಖ್ಯಸ್ಥನ ಮೇಜನ್ನಿಡುವುದು ವಾಡಿಕೆ. ಆ ಗುಂಪಿಗೆ ‘ದ್ವೀಪ’ವೆಂದೇ ಹೆಸರು. 63 ಲಕ್ಷ ಯೆನ್ ಬೆಲೆಯ ಮೇಜು ಅಂಥ ದ್ವೀಪದಲ್ಲಿ ಯಾರೊಬ್ಬರ ಮೇಜೂ ಆಗುವಂತಿರಲಿಲ್ಲ. ಅದು ಎಲ್ಲರಿಗೂ ಸೇರಿದ್ದು, ಆದುದರಿಂದಲೇ ಯಾರ ಸ್ವಂತದ್ದೂ ಅಲ್ಲ. ಅಷ್ಟು ಬೆಲೆಯ ಯಂತ್ರವನ್ನು ಸುಮ್ಮನಿರಿಸುವುದು ನಷ್ಟವಾದ್ದರಿಂದ, ದಿನವೆಲ್ಲ ಅದರ ಮುಂದೆ ಕೂಡುವ ಒಬ್ಬರನ್ನು ಗೊತ್ತುಮಾಡುವುದೇ ಲೆಕ್ಕಕ್ಕೆ ಸರಿ. 1980ರ ದಶಕದಲ್ಲಿ ವರ್ಡ್ ಪ್ರೊಸೆಸರ್ ನಡೆಸುವುದು ಒಂದು ಪ್ರತ್ಯೇಕ ಉದ್ಯೋಗವೇ ಆಯಿತು. ಅದರಲ್ಲಿದ್ದವರು ಬಹುಮಟ್ಟಿಗೆ ಹೆಂಗಸರು.

ಹೀಗಿರಲಾಗಿ ಈ ಯಂತ್ರದಲ್ಲಿ ಒಂದು ಒಳವಿರೋಧವಿತ್ತೆಂದು ನಾವು ಹೇಳುತ್ತೇವೆ. ಅದರ ಪದ್ಧತಿ ಲೇಖಕನಿಗಾಗಿ ಹುಟ್ಟಿದ್ದು. ಅದರ ದೇಹ ನಕಲುಗಾರ್ತಿಗೆ ಒದಗಿದ್ದು. ಮಾತಿನ ಧ್ವನಿಯನ್ನು ಬಲ್ಲವನು ಲೇಖನಿ ಹಿಡಿದು ದೂರದಲ್ಲಿಯೇ ಉಳಿದನು. ಧ್ವನಿಯನ್ನು ಊಹಿಸಬೇಕಾದವಳು ಧ್ವನಿ ಕೇಳುವ ಯಂತ್ರದ ಮುಂದೆ ಕುಳಿತಳು. ವಿಜಯಗಾಥೆಯಲ್ಲಿ ಇವಳ ಪ್ರವೇಶವೇ ಇಲ್ಲ. ಉಂಗರ್ ಅವರ ಲೆಕ್ಕದಲ್ಲಿ ಇವಳು ಒಂದು ಸರಾಸರಿ ವೇಗ ಮಾತ್ರ.

ಯಂತ್ರದ ನೆನಪಿನ ಶಕ್ತಿಯನ್ನೂ ಈ ದೃಷ್ಟಿಯಿಂದ ನೋಡಬಹುದು. ಹಿಂದೆ ಆರಿಸಿದ ಶಬ್ದವನ್ನು ಮುಂದೆ ತರುವ ಗುಣವಿದ್ದುದರಿಂದ, ಕಾರ್ಖಾನೆಯಿಂದ ಒಂದೇ ಬಗೆಯಾಗಿ ಹೊರಟ ಎರಡು ಮೇಜುಗಳು ಎರಡು ಕಛೇರಿಗಳಲ್ಲಿ ಕೆಲವು ತಿಂಗಳಿದ್ದರೆ ಎರಡು ಬಗೆಯಾಗುತ್ತಿದ್ದುವು. ಪತ್ರಿಕಾಲಯದ ಮೇಜು ‘ಕಿಶಾ’ ಎಂದೊಡನೆ ವರದಿಗಾರನನ್ನೂ, ರೈಲ್ವೆ ಕಛೇರಿಯ ಮೇಜು ಉಗಿಬಂಡಿಯನ್ನೂ ಮುಂದಿಡುವುದು. ಲೇಖಕನೊಬ್ಬನೇ ಕೂಡುವ ಮೇಜಾಗಿದ್ದರೆ ಈ ನೆನಪು ಅವನ ಶೈಲಿಯ ನೆರಳಾಗುತ್ತಿತ್ತು. ಹತ್ತು ಜನರ ಕಾಗದಗಳು ಹಾದುಹೋಗುವ ಮೇಜಿನಲ್ಲಿ ಅದು ಇಡೀ ಕಛೇರಿಯ ನುಡಿಗಟ್ಟಾಗುವುದು ಸಹಜ. ಮೊನ್ನೆಯ ಪತ್ರದ ಶಬ್ದವು ಇವತ್ತಿನ ಪತ್ರದಲ್ಲಿಯೂ ತಾನಾಗಿ ಮೊದಲು ಬಂದು ನಿಲ್ಲುವುದು, ಅವಸರದಲ್ಲಿರುವವರು ಅದನ್ನೇ ಒಪ್ಪುವುದು. ಕಛೇರಿಯ ಭಾಷೆ ಎಲ್ಲ ದೇಶಗಳಲ್ಲಿಯೂ ಜಡವಾದದ್ದೇ. ಆ ಜಡತ್ವಕ್ಕೆ ಇಲ್ಲಿ ಒಂದು ಡಿಸ್ಕಿನ ಬೆಂಬಲ ದೊರೆಯಿತು.

ಒಳವಿರೋಧವು ಹೇಗೆ ಕರಗಿತೆಂಬುದಕ್ಕೆ ಬೆಲೆಯ ಅಂಕಿಗಳು ಸಾಕ್ಷಿ. 1980ರಲ್ಲಿ ಬಂದ ಫುಜಿತ್ಸು ಸಂಸ್ಥೆಯ ಓಯಾಸಿಸ್ 100 ಯಂತ್ರದ ಬೆಲೆ 27 ಲಕ್ಷ ಯೆನ್. 1985ರಲ್ಲಿ ತೋಷಿಬಾದವರೇ ಹೊರತಂದ ರೂಪೋ ಎಂಬ ಕೈಯಂತ್ರದ ಬೆಲೆ 99,800 ಯೆನ್. ಆರು ವರ್ಷಗಳಲ್ಲಿ ಬೆಲೆ ಅರುವತ್ತಮೂರರಲ್ಲಿ ಒಂದು ಪಾಲಿಗೆ ಇಳಿದಿತ್ತು. ನಿಘಂಟುಗಳೂ ಈ ನಡುವೆ ಸುಧಾರಿಸಿದುವು, ನಿಜ. ಆದರೆ ಯಂತ್ರವು ಮೇಜಿನಿಂದ ಇಳಿದು ಮನೆಗೆ ಹೋದುದೇ ಮುಖ್ಯವಾದ ಮಾರ್ಪಾಡು. ಅಲ್ಲಿ ಬರೆಯುವವನೂ ಒತ್ತುವವನೂ ಒಬ್ಬನೇ ಆದನು. ಪದ್ಧತಿ ತನಗೆ ತಕ್ಕ ದೇಹವನ್ನು ಪಡೆಯಿತು. ಜನರು ಅದರಲ್ಲಿ ಮನೆಮನೆಗೂ ಹೊಸ ವರ್ಷದ ಶುಭಾಶಯ ಪತ್ರಗಳನ್ನು ಅಚ್ಚುಮಾಡಿಕೊಂಡರು. ಕಾದಂಬರಿಕಾರರಾದ ಕೋಬೋ ಆಬೆ ಅವರು 1984ರಲ್ಲಿ ಪ್ರಕಟವಾದ ತಮ್ಮ ಕಾದಂಬರಿಯೊಂದನ್ನು ವರ್ಡ್ ಪ್ರೊಸೆಸರಿನಲ್ಲಿಯೇ ಬರೆದರು.

ಇದರ ಪರಿಣಾಮವು ಲಿಪಿಯ ಮೇಲೂ ಆಯಿತೆಂಬುದನ್ನು ನ್ಯಾನೆಟ್ ಗಾಟ್ಲೀಬ್ ಅವರು 2000ದಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ. ಈ ವಿಷಯದಲ್ಲಿ ನಾವು ಓದಿದ ಗ್ರಂಥಗಳಲ್ಲಿ ಅದೇ ಹೆಚ್ಚು ಸಮತೂಕವುಳ್ಳದ್ದು. ಕಾಂಜಿಯನ್ನು ಕಡಮೆಮಾಡಬೇಕೆಂಬ ವಾದಕ್ಕೆ ಯಂತ್ರವೇ ದೊಡ್ಡ ಆಧಾರವಾಗಿತ್ತು. ಯಂತ್ರವೇ ಕಾಂಜಿಯನ್ನು ಬರೆಯತೊಡಗಿದ ಮೇಲೆ ಆ ಆಧಾರವು ಕುಸಿಯಿತು. ಸರಕಾರದ ಪಟ್ಟಿಯು 1981ರಲ್ಲಿ 1,945 ಅಕ್ಷರಗಳಿಗೂ 2010ರಲ್ಲಿ 2,136 ಅಕ್ಷರಗಳಿಗೂ ಬೆಳೆಯಿತು. ಇದಕ್ಕೆ ತೆತ್ತ ಬೆಲೆಯೂ ಉಂಟು. ಕಂಡ ಅಕ್ಷರವನ್ನು ಗುರುತಿಸಬಲ್ಲವನಿಗೂ ಅದನ್ನು ಕೈಯಿಂದ ಬರೆಯುವುದು ಮರೆಯತೊಡಗಿತು. ಅಂಥವರಿಗೆ ‘ವಾಪುರೋ ಬಾಕಾ’, ಎಂದರೆ ವರ್ಡ್ ಪ್ರೊಸೆಸರಿನಿಂದಾದ ದಡ್ಡ, ಎಂಬ ಹಾಸ್ಯದ ಹೆಸರೂ ಬಂದಿತು. ಬರೆಯುವ ಕೈಯ ನೆನಪು ಆರಿಸುವ ಕಣ್ಣಿನ ನೆನಪಾಗಿ ಮಾರ್ಪಟ್ಟಿತೆನ್ನಬಹುದು.

ನಮ್ಮ ಲಿಪಿಯ ವಿಷಯದಲ್ಲಿ ಒಂದು ಮಾತನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ಕನ್ನಡವು ಧ್ವನಿಲಿಪಿಯಾದುದರಿಂದ ನಮಗೆ ಸಮಧ್ವನಿಗಳ ತೊಡಕಿಲ್ಲ. ನಮ್ಮ ತೊಂದರೆ ಅಕ್ಷರಗಳ ಸಂಯೋಗದ್ದಾಗಿತ್ತು. ಬೆರಳಚ್ಚು ಯಂತ್ರದ ಮಿತವಾದ ಕೀಲಿಗಳಿಗಾಗಿ ಒತ್ತಕ್ಷರಗಳೂ ಸ್ವರಚಿಹ್ನೆಗಳೂ ತಮ್ಮ ಸಹಜವಾದ ಅಳತೆಯನ್ನು ಬಿಟ್ಟುಕೊಡಬೇಕಾಯಿತು. ಕೆ. ಪಿ. ರಾವ್ ಅವರು ರೂಪಿಸಿದ ಧ್ವನ್ಯನುಸಾರಿಯಾದ ಕೀಲಿಮಣೆಯು ಬಂದು, ಸಂಯೋಗದ ಕೆಲಸವನ್ನು ಗಣಕಕ್ಕೆ ಒಪ್ಪಿಸಿದ ಮೇಲೆ, ಲಿಪಿಯನ್ನು ಯಂತ್ರಕ್ಕಾಗಿ ಮುರಿಯಬೇಕೆಂಬ ವಾದವು ನಮ್ಮಲ್ಲಿಯೂ ದುರ್ಬಲವಾಯಿತು. ಧ್ವನಿಯನ್ನು ಕೈಗೂ ಆಕೃತಿಯನ್ನು ಯಂತ್ರಕ್ಕೂ ಹಂಚಿದುದರಲ್ಲಿ ಎರಡು ಕಡೆಯ ಯುಕ್ತಿಯೂ ಒಂದೇ. ಆದರೆ ನಮ್ಮ ಯಂತ್ರವು ಕೇಳುವುದಿಲ್ಲ. ಅದಕ್ಕೆ ನೆನಪಿಡಬೇಕಾದ ಆಯ್ಕೆಗಳೂ ಇಲ್ಲ. ಆದ್ದರಿಂದ ಜಪಾನಿನ ಉದಾಹರಣೆಯನ್ನು ನಮ್ಮ ಚರ್ಚೆಗಳಲ್ಲಿ ಎತ್ತುವವರು ಈ ಭೇದವನ್ನು ಮರೆಯಬಾರದು.

ಕೊನೆಯದಾಗಿ ಆಧಾರಗಳ ವಿಷಯ. ಈ ಯಂತ್ರದ ಚರಿತ್ರೆಯನ್ನು ಇದುವರೆಗೆ ಅದನ್ನು ಕಟ್ಟಿದವರ ನೆನಪುಗಳಿಂದಲೂ ಹಕ್ಕುಪತ್ರಗಳಿಂದಲೂ ನ್ಯಾಯಾಲಯದ ದಾಖಲೆಗಳಿಂದಲೂ ಬರೆಯುತ್ತ ಬಂದಿದ್ದಾರೆ. ಅವುಗಳ ಜತೆಗೆ ಕೂಡಿಸಬೇಕಾದ ಇನ್ನೊಂದು ಬಗೆಯ ಆಧಾರವುಂಟು. ನಿಘಂಟಿನಲ್ಲಿಲ್ಲದ ಶಬ್ದಗಳನ್ನು, ಅದರಲ್ಲಿಯೂ ಊರು ಮತ್ತು ಮನೆತನದ ಹೆಸರುಗಳನ್ನು, ಮೇಜಿನ ಮುಂದೆ ಕುಳಿತವರೇ ಯಂತ್ರಕ್ಕೆ ಕಲಿಸಿ ಸೇರಿಸಬಹುದಾಗಿತ್ತು. ಒಂದು ಜಿಲ್ಲಾ ಕಛೇರಿಯಲ್ಲಿಯೋ ಒಂದು ವರ್ತಕ ಸಂಸ್ಥೆಯಲ್ಲಿಯೋ ಹಾಗೆ ಸೇರಿಸಿದ ಶಬ್ದಗಳ ಪಟ್ಟಿ ಹಳೆಯ ಫ್ಲಾಪಿ ತಟ್ಟೆಯೊಂದರಿಂದ ಓದಲು ದೊರೆತರೆ, ಯಾವ ಯಾವ ಹೆಸರುಗಳು ಹೇಗೆ ಓದತಕ್ಕವೆಂದು ಆ ಹೆಂಗಸರು ಒಬ್ಬೊಬ್ಬರನ್ನಾಗಿ ವಿಚಾರಿಸಿ ತಿಳಿದುಕೊಂಡರೆಂಬುದು ಅದರಿಂದ ಗೊತ್ತಾಗುತ್ತದೆ. ಜಪಾನಿನ ಸಂಶೋಧಕರು ಇತ್ತ ಗಮನ ಕೊಡುವರೆಂದು ಆಶಿಸುತ್ತೇವೆ.